ಅಟ್ಟದಿಂದ ಇಳಿದ ಪಿಂಗಾಣಿ ಗೊಂಬೆ: ಪ್ರಶ್ನೆ ಕೇಳಿ

ದಸರಾ ಹತ್ತಿರ ಬಂತು, ಹಳೇ ಪೆಟ್ಟಿಗೆಗಳು ಕೆಳಗಿಳಿಯುತ್ತಿವೆ. ಪಿಂಗಾಣಿ ಗೊಂಬೆ ರಿಪೇರಿ ನನ್ನ ಕಸುಬು. ಸಂಜೆಯೆಲ್ಲ ಇಲ್ಲೇ ಇರುತ್ತೇನೆ. ಮುಖದ ಫೋಟೋ ಒಂದೇ ಸಾಲದು, ಕತ್ತಿನ ಹಿಂಭಾಗದ್ದೂ ಹಾಕಿ. ತಯಾರಕರ ಗುರುತು ಇರುವುದು ಅಲ್ಲೇ.

ಜಯನಗರ: ಸರ್, ನಮ್ಮದು ಪಿಂಗಾಣಿಯೋ ಪ್ಲಾಸ್ಟಿಕ್ಕೋ ಗೊತ್ತಾಗ್ತಿಲ್ಲ.

ಉತ್ತರ: ನಿಮ್ಮ ಕೆನ್ನೆಗೆ ತಾಗಿಸಿ. ಪಿಂಗಾಣಿ ತಣ್ಣಗಿರುತ್ತದೆ. ಮೈ ಹೊಳೆಯುತ್ತಿದ್ದರೆ ಗ್ಲೇಜ್, ಅಂದರೆ ಗಾಜಿನಂಥ ಲೇಪ ಹಾಕಿದ್ದು. ಚರ್ಮದ ಹಾಗೆ ಹೊಳಪಿಲ್ಲದಿದ್ದರೆ ಬಿಸ್ಕ್, ಅಂದರೆ ಗ್ಲೇಜ್ ಹಾಕದ ಪಿಂಗಾಣಿ. ತೀರಾ ಹಗುರವಾಗಿದ್ದು ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಹಳೇ ಕಾಲದ ಒಂದು ಬಗೆ ಪ್ಲಾಸ್ಟಿಕ್. ಅದನ್ನು ದೀಪದ ಹತ್ತಿರ ಕೂರಿಸಲೇಬೇಡಿ, ಭಗ್ ಅಂತ ಹತ್ತಿಕೊಳ್ಳುತ್ತದೆ.

ಮಲ್ಲೇಶ್ವರ: ನಮ್ಮಜ್ಜಿಗೆ ಚಿಕ್ಕವರಿದ್ದಾಗ ದಂಡಿನ ಕಡೆ ಅಂಗಡಿಯಿಂದ ಕೊಡಿಸಿದ್ದಂತೆ. ಕತ್ತಿನ ಹಿಂದೆ ಆರ್ಮಾಂಡ್ ಮಾರ್ಸೇಲ್, ಜರ್ಮನಿ, 390, ಎ 4 ಎಂ ಅಂತಿದೆ. ಫ್ಯಾಮಿಲಿ ಗ್ರೂಪಲ್ಲಿ ಬಂದ ಫಾರ್ವರ್ಡ್ ನೋಡಿ ನಿನ್ನೆ ಸೋಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ನೆನೆಸಿದೆ. ಈಗ ಕೈಕಾಲಿನ ಬಣ್ಣ ಉಬ್ಬಿ ಏಳ್ತಿದೆ. ಬಿಸಿಲಿಗೆ ಇಡಲಾ?

ಉತ್ತರ: ಬೇಡ! ಬಿಸಿಲೂ ಬೇಡ, ಹೇರ್ ಡ್ರೈಯರೂ ಬೇಡ. ತಲೆ ಮಾತ್ರ ಪಿಂಗಾಣಿ, ಮೈ ಕಾಂಪೋಸಿಷನ್. ಅಂದರೆ ಮರದ ಪುಡಿ, ಅಂಟು ಕಲೆಸಿ ಅಚ್ಚು ಹಾಕಿದ್ದು. ನೀರು ಕುಡಿದರೆ ಊದಿಕೊಳ್ಳುತ್ತದೆ, ಮೇಲಿನ ಬಣ್ಣ ಬಿಡುತ್ತದೆ. ಬೇಗ ಒಣಗಿಸಿದರೆ ಬಿರುಕು ಬಿಡುತ್ತದೆ. ಒಣ ಹತ್ತಿ ಬಟ್ಟೆ ಒತ್ತಿ ತೇವ ಹೀರಿಸಿ, ಉಜ್ಜಬೇಡಿ. ಬಟ್ಟೆಬರೆ ಬಿಚ್ಚಿ, ದಪ್ಪ ಟವೆಲ್ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ. ಕಣ್ಣು ಮುಚ್ಚಿ ತೆರೆಯುವ ಗೊಂಬೆ ಅಲ್ವಾ, ಒಳಗೆ ಸೀಸದ ತೂಕ ಇರುತ್ತದೆ. ಕಣ್ಣುಗಳನ್ನು ಹಿಡಿದಿರುವ ಪ್ಲಾಸ್ಟರ್ ನೆನೆದಿದ್ದರೆ ಅವು ತಲೆಯೊಳಗೆ ಬಿದ್ದುಬಿಡಬಹುದು. ನೆರಳಲ್ಲಿ ಗಾಳಿಯಾಡಲಿ. ತಲೆ ಹಿಡಿದು ಎತ್ತಬೇಡಿ. ಕತ್ತನ್ನು ಹಿಡಿದಿರುವುದು ಮೈಯೊಳಗಿನ ಎಲಾಸ್ಟಿಕ್, ಅಷ್ಟು ಹಳೆಯದು ಯಾವಾಗ ಬೇಕಾದರೂ ಕಿತ್ತುಬರುತ್ತದೆ.

390 ಅನ್ನುವುದು ಅಚ್ಚಿನ ನಂಬರ್, 4 ಸೈಜು. ಆರ್ಮಾಂಡ್ ಮಾರ್ಸೇಲ್ ಅನ್ನುವುದು ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಗೊಂಬೆ ಕಾರ್ಖಾನೆ. ಈ ಮುಖ ಲೆಕ್ಕವಿಲ್ಲದಷ್ಟು ತಯಾರಾಗಿದೆ. ಹಾಗಾಗಿ ಲಕ್ಷಗಟ್ಟಲೆ ಬೆಲೆ ಇಲ್ಲ. ಹೊರದೇಶದಲ್ಲೂ ಸಾಮಾನ್ಯವಾಗಿ ನೂರು, ಇನ್ನೂರು ಡಾಲರ್ ಒಳಗೇ ಹೋಗುತ್ತದೆ. ಆದರೂ ಉಳಿಸಿಕೊಳ್ಳಲೇಬೇಕಾದ ಗೊಂಬೆ ಇದು. ಒಣಗುವ ತನಕ ಎರಡು ಗಂಟೆಗೊಮ್ಮೆ ನನಗೆ ತಿಳಿಸಿ.

ರಾಜಾಜಿನಗರ: ಕೂದಲೆಳೆಯಂಥ ಬಿರುಕು ಕಂಡುಹಿಡಿಯೋದು ಹೇಗೆ ಸರ್?

ಉತ್ತರ: ಕತ್ತಲೆ ಕೋಣೆಯಲ್ಲಿ ಗೊಂಬೆಯ ವಿಗ್ ಎತ್ತಿ ತಲೆಯೊಳಗೆ ಸಣ್ಣ ಟಾರ್ಚ್ ಹಿಡಿಯಿರಿ. ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ. ವಿಗ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಿರುಕಿದ್ದರೆ ಬೆಲೆ ತುಂಬಾ ಇಳಿಯುತ್ತದೆ.

ವಿಜಯನಗರ: ಟೂತ್‌ಪೇಸ್ಟ್ ಹಚ್ಚಿದರೆ ಹೊಳಪು ಬರುತ್ತಂತೆ?

ಉತ್ತರ: ಬಣ್ಣ ಹೋಗುತ್ತದೆ. ಬೇಡ.

ಬನಶಂಕರಿ: ನಮ್ಮದರಲ್ಲಿ ಆಕ್ಯುಪೈಡ್ ಜಪಾನ್ ಅಂತಿದೆ. ನೂರು ವರ್ಷದ್ದಾ?

ಉತ್ತರ: ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ಬೇರೆಯವರ ಹಿಡಿತದಲ್ಲಿದ್ದಾಗಿನದು, 1952ರ ಒಳಗಿನದು. ನಿಪ್ಪಾನ್ (ಜಪಾನಿನದೇ ಇನ್ನೊಂದು ಹೆಸರು) ಅಂತಿದ್ದರೆ ಸಾಮಾನ್ಯವಾಗಿ 1921ಕ್ಕಿಂತ ಹಿಂದಿನದು.

ಗಿರಿನಗರ: ಲಿಂಬೆರಸ, ಬ್ಲೀಚ್ ಹಾಕಿದ್ರೆ ಹಳದಿ ಕಲೆ ಹೋಗುತ್ತೆ ಅಂತ ನಂಬಿಕಸ್ತರು ಕಳಿಸಿದ್ದಾರೆ.

ಉತ್ತರ: ಅವರು ನಿಮ್ಮ ಗೊಂಬೆ ಕಟ್ಟಿಕೊಡ್ತಾರಾ? ಬ್ಲೀಚ್ ಬಿರುಕಿನೊಳಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಫಾರ್ವರ್ಡ್ ಇಲ್ಲಿ ಹಾಕಬೇಡಿ. ಮೇಲೆ ಮಲ್ಲೇಶ್ವರದವರ ಗೊಂಬೆಗೆ ಏನಾಯ್ತು ಓದಿ.

ಕೋರಮಂಗಲ: ನನ್ನ ಹತ್ತಿರ ಮುತ್ತಜ್ಜನ ಕಾಲದ್ದಿದೆ. ಲಂಡನ್ನಿನಲ್ಲಿರೋ ತಮ್ಮನಿಗೆ ಕಳಿಸಿ ಮಾರಿಸ್ತೀನಿ.

ಬಸವನಗುಡಿ: ಹುಷಾರು. ಹಳೇ ವಸ್ತು ಹೊರಗೆ ಕಳಿಸೋದು ಅಪರಾಧ.

ಕೋರಮಂಗಲ: ಸುಮ್ನೆ ಹೆದರಿಸಬೇಡಿ. ಅದೇನು ದೇವಸ್ಥಾನದ ವಿಗ್ರಹವಾ?

ಬಸವನಗುಡಿ: ಮನೆತನದ ಗೊಂಬೆ ಮಾರೋಕೆ ಹೊರಟಿದ್ದೀರಲ್ಲ, ಅದು ಮೊದಲು ಯೋಚಿಸಿ.

ಕೋರಮಂಗಲ: ನನ್ನ ಮನೆ ವಿಷಯ ನಿಮಗ್ಯಾಕೆ?

ಶ್ರೀರಾಮಪುರ: ಅಷ್ಟಕ್ಕೂ ದಸರೆಗೆ ಜರ್ಮನ್ ಗೊಂಬೆ ಯಾಕೆ? ಪಟ್ಟದ ಗೊಂಬೆ, ಮಣ್ಣಿನ ಗೊಂಬೆ ಸಾಲದಾ?

ಬಸವನಗುಡಿ: ನಮ್ಮಜ್ಜಿ ಎರಡನ್ನೂ ಒಂದೇ ಮೆಟ್ಟಿಲ ಮೇಲೆ ಕೂರಿಸ್ತಿದ್ದರು. ಗೊತ್ತಿಲ್ಲದೆ ಮಾತಾಡಬೇಡಿ.

ಉತ್ತರ: ಜಗಳ ಸಾಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ನಾವು ನೀವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ನೂರು ಆಗಿದೆಯೋ ಇಲ್ಲವೋ ಅನುಮಾನವಿದ್ದರೆ ಪುರಾತತ್ವ ಇಲಾಖೆಯವರಿಗೆ ತೋರಿಸಿ, ಆಮೇಲೆ ಪಾರ್ಸೆಲ್.

ಯಲಹಂಕ: ಸರ್, ನಮ್ಮದು ಮಾಲ್‌ನಲ್ಲಿ ತಗೊಂಡಿದ್ದು, ಸರ್ಟಿಫಿಕೇಟ್ ಇದೆ. ಎಷ್ಟು ಬರಬಹುದು?

ವಿಜಯನಗರ: ಮುರಿದ ಬೆರಳಿಗೆ ಫೆವಿಕ್ವಿಕ್ ಹಾಕಬಹುದಾ?

ಉತ್ತರ: ಬೇಡ. ಚೂರನ್ನು ಕಾಗದದಲ್ಲಿ ಸುತ್ತಿಡಿ.

ಗಿರಿನಗರ: ಕೇಳಿದ್ದಕ್ಕೆಲ್ಲ ಬೇಡ ಬೇಡ ಅಂದ್ರೆ ಹೇಗೆ ಸರ್?

ಯಲಹಂಕ: ಸರ್, ನನ್ನ ಪ್ರಶ್ನೆ?

ಮಲ್ಲೇಶ್ವರ: ಸರ್, ತೇವ ಕಡಿಮೆಯಾಗಿದೆ. ಎಡಗಾಲಿನ ಬಣ್ಣ ಒಂದು ಕಡೆ ಉದುರಿತು. ಕಣ್ಣು ಗಟ್ಟಿಯಾಗಿದೆ. ತುಂಬಾ ಬೇಜಾರಾಗ್ತಿದೆ.

ಉತ್ತರ: ಕಣ್ಣು ಉಳಿದದ್ದು ದೊಡ್ಡದು ಮೇಡಂ. ಇನ್ನೆರಡು ದಿನ ಅಲ್ಲಾಡಿಸಬೇಡಿ. ಆಮೇಲೆ ತನ್ನಿ. ಉದುರಿದ ಬಣ್ಣದ ಚೂರು ಎಷ್ಟೇ ಸಣ್ಣದಿರಲಿ, ಒಂದು ಡಬ್ಬಿಯಲ್ಲಿ ಹಾಕಿ ತನ್ನಿ. ಅಜ್ಜಿ ಹೊಲಿದ ಬಟ್ಟೆ ಇದ್ದರೆ ಒಗೆಯದೆ ಹಾಗೇ ತನ್ನಿ.