ಉಪಕರಣ ಮೊದಲಾ, ಸಿದ್ಧಾಂತ ಮೊದಲಾ? 1600ರ ಸುಮಾರಿನ ಲಂಡನ್ನಿನ ಲೆಕ್ಕದ ಮೇಷ್ಟ್ರುಗಳ ಬಗ್ಗೆ

ಪ್ರಶ್ನೆ:
ಆಗಿನ ಲಂಡನ್ನಿನಲ್ಲಿ ಹಡಗು ನಡೆಸುವವರಿಗೆ, ಜಮೀನು ಅಳೆಯುವವರಿಗೆ, ಫಿರಂಗಿ ಹೊಡೆಯುವವರಿಗೆ ಲೆಕ್ಕ ಹೇಳಿಕೊಟ್ಟು, ಉಪಕರಣ ಮಾಡಿಸಿಕೊಟ್ಟು ಬದುಕುತ್ತಿದ್ದ ಜನ ಇದ್ದರಲ್ಲ, ಅವರನ್ನು ಗಣಿತಜ್ಞರು ಅನ್ನಬಹುದಾ? ಹೊಸ ಪ್ರಮೇಯ ಏನೂ ಕೊಡಲಿಲ್ಲ ಅಂತ ಎಷ್ಟೋ ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ.

ಉತ್ತರ 1:
ಖಂಡಿತ ಅನ್ನಬಹುದು. ಆ ಕಾಲದ ಲೆಕ್ಕದ ಪಂಡಿತ ಎಡ್ಮಂಡ್ ಗಂಟರ್ ಜಮೀನು ಅಳೆಯಲು ಮಾಡಿದ ಸರಪಳಿಯನ್ನೇ ನೋಡಿ. ಉದ್ದ 66 ಅಡಿ, ಕೊಂಡಿಗಳು 100. 66 ಯಾಕೆ ಅಂದರೆ, 10 ಚದರ ಸರಪಳಿಗೆ ಸರಿಯಾಗಿ 1 ಎಕರೆ ಆಗುತ್ತದೆ. ಹಳೆಯ ಅಳತೆಯಲ್ಲಿ ಒಂದು ಎಕರೆಗೆ 160 ಚದರ ಪೋಲ್, ಒಂದು ಪೋಲ್‌ಗೆ ಹದಿನಾರೂವರೆ ಅಡಿ, ಅದರಲ್ಲಿ ಗುಣಾಕಾರ ಮಾಡಿ ನೋಡಿ, ತಲೆ ಕೆಡುತ್ತದೆ. ಗಂಟರ್‌ನ ಸರಪಳಿಯಲ್ಲಾದರೆ ಉದ್ದ, ಅಗಲ ಎರಡನ್ನೂ ಕೊಂಡಿಯಲ್ಲಿ ಎಣಿಸಿ, ಗುಣಿಸಿ, ಕೊನೆಯ ಐದು ಅಂಕಿ ಬಿಟ್ಟರೆ ಎಕರೆ ಸಿಕ್ಕಿತು. ದಶಮಾಂಶವನ್ನು ಕಬ್ಬಿಣದಲ್ಲಿ ಹೊಸೆದು ಅಳತೆಗಾರನ ಕೈಗೆ ಕೊಟ್ಟಿದ್ದಾನೆ. ಇದಕ್ಕಿಂತ ಗಣಿತ ಬೇಕಾ?

ಉತ್ತರ 2:
ಸರಪಳಿ ಮಾಡಿದವನಿಗೆ ಗಣಿತ ಗೊತ್ತಿತ್ತು, ಸರಿ. ಎಳೆದವನಿಗೆ? ಅದೇ ಕಾಲದ ಗಣಿತಜ್ಞ ವಿಲಿಯಂ ಆಟ್ರೆಡ್‌ಗೆ ಇದ್ದ ಸಂಕಟವೂ ಇದೇ. ಅವನು ಆಲ್ಬರಿ ಅನ್ನೋ ಊರಿನ ಪಾದ್ರಿ, ಮನೆಗೆ ಬಂದ ಶಿಷ್ಯರಿಗೆ ದುಡ್ಡು ತೆಗೆದುಕೊಳ್ಳದೆ ಪಾಠ ಹೇಳುತ್ತಿದ್ದ. ತತ್ವ ಕಲಿಸದೆ ಸುಮ್ನೆ ಉಪಕರಣ ತಿರುಗಿಸೋದು ಕಲಿಸಿದರೆ ವಿದ್ಯಾರ್ಥಿ ಕೈಚಳಕದವನಾಗುತ್ತಾನೆ ಅಷ್ಟೇ, ಅಂತ ಅವನ ವಾದ. ನಾನು ಅವನ ಕಡೆಗೇ.

ಉತ್ತರ 3:
ಆದರೆ ಆ ಮಾತು ಬಂದದ್ದು ಜಗಳದ ಮಧ್ಯೆ, ಅದನ್ನು ಮರೆಯಬೇಡಿ. ವೃತ್ತಾಕಾರದ ಸ್ಲೈಡ್ ರೂಲ್ (ಲಾಗರಿದಮ್, ಅಂದರೆ ಗುಣಾಕಾರವನ್ನು ಕೂಡುವಿಕೆಯಾಗಿಸುವ ಸಂಖ್ಯೆಗಳ ಗೆರೆಗಳಿಂದ ಗುಣಾಕಾರ, ಭಾಗಾಕಾರ ಮಾಡುವ ಉಪಕರಣ) ಮೊದಲು ಕಂಡುಹಿಡಿದದ್ದು ಯಾರು ಅಂತ 1630ರ ದಶಕದಲ್ಲಿ ಆಟ್ರೆಡ್‌ಗೂ ಲಂಡನ್ನಿನ ಲೆಕ್ಕದ ಮೇಷ್ಟ್ರು ರಿಚರ್ಡ್ ಡೆಲಮೇನ್‌ಗೂ ಜೋರು ಜಟಾಪಟಿ ನಡೆಯಿತು. ಡೆಲಮೇನ್‌ಗೆ ಪಾಠವೇ ಹೊಟ್ಟೆಪಾಡು. ಅವನ ಹತ್ತಿರ ಬರುತ್ತಿದ್ದವರಿಗೆ ಯೂಕ್ಲಿಡ್‌ನ ರೇಖಾಗಣಿತ ಓದಿ ಮುಗಿಸುವಷ್ಟು ಪುರುಸೊತ್ತು ಎಲ್ಲಿತ್ತು? ಇನ್ನೊಂದು ವಿಷಯ, ಆಟ್ರೆಡ್‌ನ ಉಪಕರಣವನ್ನು ಹಿತ್ತಾಳೆಯಲ್ಲಿ ಕೊರೆದುಕೊಟ್ಟವನು ಎಲಿಯಾಸ್ ಆಲನ್. ಸ್ಟ್ರ್ಯಾಂಡ್ ಬೀದಿಯಲ್ಲಿ ಅವನ ಅಂಗಡಿ, ಗಣಿತದವರೆಲ್ಲ ಸೇರುವ ಜಾಗವೂ ಅದೇ. ವಕ್ರವಾದ ಪಟ್ಟಿಯ ಮೇಲೆ ಲಾಗರಿದಮ್ ಗೆರೆಗಳನ್ನು ತಪ್ಪಿಲ್ಲದೆ ಕೊರೆಯೋದೂ ಒಂದು ತಿಳುವಳಿಕೆ ಅಲ್ವಾ?

ಪ್ರಶ್ನೆ ಕೇಳಿದವರು:
ಗಂಟರ್‌ನ ಲೆಕ್ಕ ಈಗ ಮಾಡಿ ನೋಡಿದೆ. 850 ಕೊಂಡಿ ಉದ್ದ, 640 ಅಗಲ, ಗುಣಿಸಿದರೆ 5,44,000. ಐದು ಅಂಕಿ ಹಿಂದೆ ಚುಕ್ಕಿ ಇಟ್ಟೆ, 5.44 ಎಕರೆ. ಇಷ್ಟು ಸುಲಭ ಆಗಲು ಅವನು ಎಷ್ಟು ಯೋಚಿಸಿರಬೇಕು!