ಸಹಾಯ ಬೇಕು: ಕಿಡ್ನಿ ಕಸಿ ಆದ ಅಣ್ಣನಿಗೆ ಬ್ರಾಂಕೋಸ್ಕೋಪಿ ಹಾಸನದಲ್ಲೇ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಬ್ರಾಂಕೋಸ್ಕೋಪಿ ಅಂದರೆ ಸಣ್ಣ ಕ್ಯಾಮೆರಾ ಕೊಳವೆ ಬಿಟ್ಟು ಶ್ವಾಸಕೋಶದ ಒಳಗೆ ನೋಡುವುದು. ನಾವು ಸಕಲೇಶಪುರದ ಕಡೆಯವರು. ಅಣ್ಣನಿಗೆ ಕಿಡ್ನಿ ಕಸಿ ಆಗಿ ಎಂಟು ತಿಂಗಳು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ಮೂರೂ ನಡೆಯುತ್ತಿವೆ. 12 ದಿನದಿಂದ ಸಣ್ಣ ಜ್ವರ, ಒಣ ಕೆಮ್ಮು. ಸುಮ್ನೆ ಕೂತಿದ್ದಾಗ ಬೆರಳಿನ ಮೀಟರ್ ಆಕ್ಸಿಜನ್ 94 ತೋರಿಸುತ್ತದೆ. ಬಚ್ಚಲಿಗೆ ಹೋಗಿ ಬಂದರೆ ಸಾಕು, 87. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಾನೆ.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ಚೆನ್ನಾಗಿದೆ, ವೈರಲ್ ಇರಬೇಕು ಅಂದರು. ಐದು ದಿನ ಅಲ್ಲೇ ಹೋಯಿತು. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಎರಡೂ ಶ್ವಾಸಕೋಶದಲ್ಲಿ ಮಂಜು ಕವಿದ ಹಾಗೆ ಇದೆ. ಕಸಿ ಆದವರು ಮನೆಯಲ್ಲಿದ್ದರೆ ಎಕ್ಸ್‌ರೇ ಒಂದನ್ನೇ ನಂಬಬೇಡಿ, ದಯವಿಟ್ಟು.

ನಿನ್ನೆಯಿಂದ ಹಾಸನದಲ್ಲಿ ಅಡ್ಮಿಟ್. ನ್ಯೂಮೋಸಿಸ್ಟಿಸ್ (ಶ್ವಾಸಕೋಶಕ್ಕೆ ತಗಲುವ ಒಂದು ಫಂಗಸ್), ಟಿಬಿ, ಸಿಎಂವಿ ವೈರಸ್, ಆಸ್ಪರ್ಜಿಲಸ್ ಫಂಗಸ್ ಯಾವುದಾದರೂ ಆಗಿರಬಹುದಂತೆ. ಒಂದೊಂದಕ್ಕೂ ಔಷಧಿ ಬೇರೆ ಅಲ್ವಾ? ಸದ್ಯಕ್ಕೆ ನ್ಯೂಮೋಸಿಸ್ಟಿಸ್‌ಗೆ ಕೊಡುವ ಕೋಟ್ರೈಮೊಕ್ಸಜೋಲ್ ಶುರು ಮಾಡಿದ್ದಾರೆ. ಕಾಫಿ ಗೋದಾಮಿನ ಬೂಸ್ಟು ಹಿಡಿದ ಚೀಲಗಳ ಧೂಳಿನಲ್ಲಿ ಕೆಲಸ ಮಾಡಿದ್ದನ್ನೂ ಡಾಕ್ಟರಿಗೆ ಹೇಳಿದ್ದೇವೆ. ಕಫ ಬರುತ್ತಿಲ್ಲ. ಅದಕ್ಕೆ ಬ್ರಾಂಕೋಸ್ಕೋಪಿಯಲ್ಲಿ ಸಲೈನ್ ಬಿಟ್ಟು ತೊಳೆದು, ಆ ನೀರನ್ನೇ ಪರೀಕ್ಷೆ ಮಾಡಬೇಕು. ಈ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲ.

ಹಾಸನದಲ್ಲಿ ಬೇರೆಲ್ಲಾದರೂ ಮಾಡುತ್ತಾರಾ? ಆಸ್ಪರ್ಜಿಲಸ್ ಪತ್ತೆಗೆ ಮಾಡುವ ಗ್ಯಾಲಕ್ಟೋಮ್ಯಾನನ್ ಪರೀಕ್ಷೆ, ನ್ಯೂಮೋಸಿಸ್ಟಿಸ್ ಪಿಸಿಆರ್ ಪರೀಕ್ಷೆ ಇಲ್ಲೇ ಆಗುತ್ತಾ, ಇಲ್ಲ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ರಿಪೋರ್ಟ್‌ಗೆ ಎಷ್ಟು ದಿನ ಬೇಕು? ಆಕ್ಸಿಜನ್ ಕಮ್ಮಿ ಇದ್ದಾಗ ಬ್ರಾಂಕೋಸ್ಕೋಪಿ ಮಾಡಿಸಿದವರಿದ್ದರೆ ಹೇಗಾಯಿತು ಹೇಳಿ. ಈ ಸ್ಥಿತಿಯಲ್ಲಿ ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದೊಯ್ಯಲು ಭಯ ಆಗುತ್ತಿದೆ.

ಕಷಾಯ, ಮನೆಮದ್ದು ಹೇಳಬೇಡಿ. ಕೆಲವು ಕಸಿಯ ಮಾತ್ರೆಗೆ ಆಗಿಬರುವುದಿಲ್ಲ. ಅನುಭವ ಇದ್ದವರು ಇವತ್ತೇ ತಿಳಿಸಿ.