ಮಿದುಳಿನ ರಕ್ತಸ್ರಾವದ ನಂತರ ತಲೆಯಲ್ಲಿ ನೀರು ತುಂಬುವುದು: ನರಶಸ್ತ್ರವೈದ್ಯರೊಂದಿಗೆ ಪ್ರಶ್ನೋತ್ತರ

ಅಂಕೋಲಾದ ಸದಸ್ಯೆ: ಡಾಕ್ಟರೇ, ನಮಸ್ಕಾರ. ಎರಡು ತಿಂಗಳ ಹಿಂದೆ ಅಪ್ಪನಿಗೆ ಮಿದುಳಿನ ರಕ್ತನಾಳದ ಗುಳ್ಳೆಯೊಡೆದು ರಕ್ತಸ್ರಾವವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಚೆನ್ನಾಗಿಯೇ ಇದ್ದರು. ಈಗ ಹದಿನೈದು ದಿನಗಳಿಂದ ಕಾಲೆಳೆದು ನಡೆಯುತ್ತಾರೆ, ಮಂಕಾಗಿದ್ದಾರೆ, ಮೂತ್ರದ ಹಿಡಿತವಿಲ್ಲ. ವಯಸ್ಸಿನ ದೋಷವೆಂದು ಎಲ್ಲರೂ ಹೇಳುತ್ತಾರೆ.

ವೈದ್ಯರು: ವಯಸ್ಸಿನಿಂದ ಹದಿನೈದೇ ದಿನಗಳಲ್ಲಿ ಹೀಗಾಗುವುದಿಲ್ಲ, ತಂಗಿ. ಮಿದುಳಿನ ಕುಹರಗಳಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹುಟ್ಟುತ್ತದೆ. ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರವಾದ್ದರಿಂದ, ಹುಟ್ಟಿದ್ದೆಲ್ಲ ರಕ್ತಕ್ಕೆ ಮರಳುತ್ತಲೇ ಇರಬೇಕು. ರಕ್ತಸ್ರಾವವಾದಾಗ ಹೆಪ್ಪು ಈ ದಾರಿಯನ್ನು ತಕ್ಷಣವೇ ಮುಚ್ಚಬಹುದು. ಹೆಪ್ಪು ಕರಗಿದ ಮೇಲೂ ಉರಿಯೂತದಿಂದ ಪೊರೆಗಳು ಅಂಟಿಕೊಂಡು, ದ್ರವ ಹೀರಿಕೊಳ್ಳುವುದು ವಾರಗಳ ನಂತರ ಕುಂಠಿತವಾಗಬಹುದು. ನೀವು ಬರೆದ ಮೂರೂ ಲಕ್ಷಣಗಳು ಒಟ್ಟಿಗೆ ಬಂದಿರುವುದು ನನಗೆ ಆತಂಕ ತಂದಿದೆ. ನಾಳೆಯೇ ಸಿಟಿ ಸ್ಕ್ಯಾನ್ ಮಾಡಿಸಿ. ಹಳೆಯ ಫಿಲ್ಮ್‌ಗಳನ್ನು ಮರೆಯದೆ ಒಯ್ಯಿರಿ, ಏಕೆಂದರೆ ಕುಹರ ಹಿಗ್ಗಿದೆಯೇ ಎಂಬುದು ಹೋಲಿಕೆಯಿಂದಲೇ ಸ್ಪಷ್ಟವಾಗುತ್ತದೆ. ಹಿಗ್ಗಿದ್ದರೆ, ಬೆನ್ನಿನಿಂದ ಸ್ವಲ್ಪ ದ್ರವ ತೆಗೆದು ನಡಿಗೆ ಸುಧಾರಿಸುವುದೇ ಎಂದು ನೋಡುವುದುಂಟು. ಅಗತ್ಯವಾದರೆ ಚರ್ಮದಡಿಯಲ್ಲಿ ಕುಹರದಿಂದ ಹೊಟ್ಟೆಗೆ ಸಣ್ಣ ಕೊಳವೆಯನ್ನು, ಅಂದರೆ ಶಂಟ್ ಅನ್ನು, ಕೂಡಿಸುತ್ತಾರೆ. ವಾಂತಿ, ತೀವ್ರ ತಲೆನೋವು ಅಥವಾ ಎಬ್ಬಿಸಿದರೂ ಏಳದ ಮಂಪರು ಕಂಡರೆ ಬೆಳಗಾಗುವುದನ್ನು ಕಾಯದೆ ಹೊರಡಿ.

ಕುಮಟಾದ ಸದಸ್ಯರು: ನೀರು ಕುಡಿಯುವುದನ್ನು ಕಡಿಮೆ ಮಾಡಿ, ಮೂಗಿಗೆ ಬೆಳ್ಳುಳ್ಳಿ ರಸ ಬಿಟ್ಟರೆ ತಲೆಯ ನೀರು ಇಳಿಯುತ್ತದೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ.

ವೈದ್ಯರು: ದಯವಿಟ್ಟು ಅದನ್ನು ಅಳಿಸಿ. ಇಂಥ ರಕ್ತಸ್ರಾವದ ಮೊದಲ ವಾರಗಳಲ್ಲಿ ದೇಹದ ನೀರು ಕಡಿಮೆಯಾದರೆ ಮಿದುಳಿಗೆ ರಕ್ತದ ಹರಿವು ಕುಗ್ಗಿ ಲಕ್ವ ಹೊಡೆಯಬಹುದು. ಮಂಪರಿನಲ್ಲಿರುವವರ ಮೂಗಿಗೆ ಬಿಟ್ಟ ರಸ ಶ್ವಾಸಕೋಶಕ್ಕೆ ಇಳಿಯಬಹುದು.

ಶಿರಸಿಯ ಸದಸ್ಯರು: ಮಾತ್ರೆಯಲ್ಲಿ ಗುಣವಾಗುವುದಿಲ್ಲವೇ?

ವೈದ್ಯರು: ಇಲ್ಲ.

ಕಾರವಾರದ ಸದಸ್ಯರು: ಅಂಕೋಲಾದವರು ಗೋವಾಕ್ಕೆ ಹೋಗುವುದೇ ಒಳ್ಳೆಯದು.

ಶಿರಸಿಯ ಸದಸ್ಯರು: ನಮಗೆ ಹುಬ್ಬಳ್ಳಿಯೇ ಗತಿ. ಜಿಲ್ಲೆಯ ದೊಡ್ಡ ಆಸ್ಪತ್ರೆ ಕರಾವಳಿಯಲ್ಲೇ ಆಗಬೇಕೆಂದು ಹಟ ಹಿಡಿದವರು ನೀವು.

ಕಾರವಾರದ ಸದಸ್ಯರು: ಘಟ್ಟದ ಮೇಲಿನವರು ಯಾವಾಗ ನಮ್ಮ ಜೊತೆ ನಿಂತಿರಿ?

ಭಟ್ಕಳದ ಸದಸ್ಯರು: ಶಂಟ್ ಇರುವವರು ಬೋಟಿನಲ್ಲಿ ಮೀನುಗಾರಿಕೆಗೆ ಹೋಗಬಹುದೇ?

ಕುಮಟಾದ ಸದಸ್ಯರು: ನನ್ನ ಸಂದೇಶವನ್ನು ಅಳಿಸುವುದಿಲ್ಲ. ಡಾಕ್ಟರಿಗೆ ಮನೆಮದ್ದೆಂದರೆ ಆಗದು.

ಹೊನ್ನಾವರದ ಸದಸ್ಯೆ: ತಮ್ಮನಿಗೆ ಶಂಟ್ ಹಾಕಿಸಿ ಒಂದು ತಿಂಗಳಾಯಿತು. ಎರಡು ದಿನಗಳಿಂದ ಜ್ವರವಿದೆ, ಕೊಳವೆಯ ಮೇಲಿನ ಚರ್ಮ ಕೆಂಪಾಗಿದೆ.

ವೈದ್ಯರು: ಆಸ್ಪತ್ರೆ ಎಲ್ಲಾಗಬೇಕೆಂಬ ಜಗಳವನ್ನು ಬೇರೆ ಕಡೆ ಮುಂದುವರಿಸಿ, ಈ ಪ್ರಶ್ನೆ ಅದರಡಿ ಹೂತುಹೋಗುತ್ತಿತ್ತು. ಹೊನ್ನಾವರದ ತಂಗಿ, ಶಂಟ್‌ಗೆ ಸೋಂಕು ತಗುಲಿರುವ ಶಂಕೆಯಿದೆ. ಮನೆಯಲ್ಲಿ ಆಂಟಿಬಯೋಟಿಕ್ ಕೊಡುತ್ತಾ ಕೂರಬೇಡಿ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ, ಇಂದೇ ಕರೆದೊಯ್ಯಿರಿ.

ಯಲ್ಲಾಪುರದ ಸದಸ್ಯರು: ಮಾತ್ರೆ ಇಲ್ಲವೇ, ಸರ್?

ವೈದ್ಯರು: ಮೇಲೆ ಉತ್ತರಿಸಿದ್ದೇನೆ. ಓದಿ.